ಅತ್ತೆಯ ಪರ್ಸಿಗೊಂದು ಪಿಸ್ತೂಲು

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಲಿಖಿತ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಎಂ.ಟೆಕ್ ಮಾಡಿದವರು. ಹಿರಿಯ ಮಹಿಳೆಯರ ಸುರಕ್ಷತೆಗೆ ಯಾವ ಆ್ಯಪ್ ಒಳ್ಳೆಯದು ಅಂತ ಹೇಳಿ" ಎಂದರು. ಹೂಂ ಎಂದೆ. ಆದರೆ ಇವತ್ತು ನಾನು ಮಾತಾಡುವುದು ಆ್ಯಪ್ ಬಗ್ಗೆ ಅಲ್ಲ, ಪಿಸ್ತೂಲಿನ ಬಗ್ಗೆ. ನಗಬೇಡಿ. ನಮ್ಮ ಮನೆಯಲ್ಲಿ ಎರಡು ತಿಂಗಳು ಇದೇ ಚರ್ಚೆ ನಡೆಯಿತು.

ನನ್ನ ಸೋದರತ್ತೆಗೆ ಈಗ 71 ವರ್ಷ. ಮುಂಬಯಿಯ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಮುಲುಂಡಿನ ಹಳೆಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ. ಮಗ ಟೆಕ್ಸಾಸ್‌ನಲ್ಲಿ. ನಾನು ಐರೋಲಿಯಲ್ಲಿ, ಹತ್ತಿರವೇ, ಆದರೂ ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಒಂದು ಮಧ್ಯಾಹ್ನ ಯಾರೋ ಬೆಲ್ ಮಾಡಿದ. "ಗ್ಯಾಸ್ ಪೈಪ್ ಚೆಕ್ ಮಾಡಬೇಕು" ಎಂದ. ಅತ್ತೆ ಬಾಗಿಲು ಅರ್ಧ ತೆರೆದದ್ದೇ ತಡ, ದೂಡಿಕೊಂಡು ಒಳಗೆ ಬಂದ. ಅಷ್ಟರಲ್ಲಿ ಎದುರು ಮನೆಯ ಗುಜರಾತಿ ಭಾಬಿ ಹೊರಗೆ ಬಂದು "ಕೌನ್ ಹೈ?" ಎಂದು ಜೋರಾಗಿ ಕೇಳಿದರು. ಅವನು ಮೆಟ್ಟಿಲಿಳಿದು ಓಡಿದ. ಏನೂ ಹೋಗಲಿಲ್ಲ. ಆದರೆ ಅತ್ತೆಯ ನಿದ್ದೆ ಹೋಯಿತು.

ಮುಂದಿನ ಭಾನುವಾರ ನಾನು ಹೋದಾಗ ನೀರುದೋಸೆ ಹೊಯ್ಯುತ್ತಾ ಹೇಳಿದರು: "ನೋಡು ಮಾರಾಯ್ತಿ, ಪರ್ಸಿನಲ್ಲಿ ಇಡುವಂಥ ಸಣ್ಣ ಪಿಸ್ತೂಲು ಸಿಗ್ತದಾ ಅಂತ ಸ್ವಲ್ಪ ನೆಟ್ಟಿನಲ್ಲಿ ನೋಡು."

ನಾನು ತಮಾಷೆ ಎಂದುಕೊಂಡೆ. ಅವರಿಗೆ ಸಿಟ್ಟು ಬಂತು. "ಯಾಕೆ? ನಮ್ಮ ಸುಳ್ಯದ ತೋಟದ ಮನೆಯಲ್ಲಿ ಕೋವಿ ಇರಲಿಲ್ವಾ? ಮಂಗ, ಕಾಡುಹಂದಿ ಬಂದರೆ ಅಪ್ಪ ಈಡು ಹೊಡೆಯುತ್ತಿರಲಿಲ್ವಾ? ಟೆಕ್ಸಾಸ್‌ನಲ್ಲಿ ಮಗನ ಪಕ್ಕದ ಮನೆಯ ಅಜ್ಜಿ ನನಗಿಂತ ದೊಡ್ಡವಳು. ಪರ್ಸ್ ತೆಗೆದು ತೋರಿಸಿದಳು, ಅಂಗೈಯಷ್ಟು ಪಿಸ್ತೂಲು."

ಮಾತು ಸುಳ್ಳಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬಂದೂಕು ಹೊಂದಲು ಕಾನೂನಿನ ಅಡ್ಡಿಯಿಲ್ಲದ 21 ದಾಟಿದವರು ಪರ್ಮಿಟ್ ಇಲ್ಲದೆಯೇ ಕೈಬಂದೂಕು ಒಯ್ಯಬಹುದು. ವಯಸ್ಸಾದವರ ಸೋತ ಕೈಗಳಿಗೆಂದೇ ಸುಲಭವಾಗಿ ಎಳೆಯಬಹುದಾದ ಪಿಸ್ತೂಲುಗಳೂ ಅಲ್ಲಿನ ಮಾರುಕಟ್ಟೆಯಲ್ಲಿವೆ. ನಮ್ಮೂರಲ್ಲೂ ಕೋವಿ ಅಪರೂಪವಲ್ಲ. ದಕ್ಷಿಣ ಕನ್ನಡದಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಕೋವಿ ಇಟ್ಟವರು ಬಹಳ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು ಬರುವ ಗೊಣಗಾಟವೂ ನಿಮಗೆ ಗೊತ್ತು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆಯೇ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಾಗಾಗಿ ಅತ್ತೆಯ ಕೇಳಿಕೆಯನ್ನು ನಗೆಯಾಡದೆ ತೆಗೆದುಕೊಂಡೆ. ಆಫೀಸಿನಲ್ಲಿ ಹೊಸ ಸಿಸ್ಟಮ್ ಕೊಳ್ಳುವ ಮೊದಲು ಮಾಡುವ ಹಾಗೆ ಒಂದು ಎಕ್ಸೆಲ್ ಶೀಟ್ ತೆರೆದೆ. ರಾತ್ರಿ ಊಟವಾದ ಮೇಲೆ ಅತ್ತೆಗೆ ಫೋನ್ ಮಾಡಿ ಅವತ್ತು ತಿಳಿದದ್ದನ್ನು ಹೇಳುವುದು ರೂಢಿಯಾಯಿತು.

ಮೊದಲ ಕಾಲಂ ಕಾನೂನು. ನಮ್ಮಲ್ಲಿ 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು ಅನ್ವಯವಾಗುತ್ತವೆ. ಮುಂಬಯಿಯಲ್ಲಿ ಲೈಸೆನ್ಸ್ ಕೊಡುವುದು ಪೊಲೀಸ್ ಕಮಿಷನರ್ ಕಚೇರಿ. ಅರ್ಜಿ ಹಾಕಿದ ಮೇಲೆ ನಮ್ಮ ಠಾಣೆಯಿಂದ ವಿಚಾರಣೆ. ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಆಯುಧ ಬಳಕೆಯ ತರಬೇತಿ ಆಗಿರಬೇಕು. ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂದು ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಲೈಸೆನ್ಸ್ ಸಿಕ್ಕರೆ ಅದು 5 ವರ್ಷಕ್ಕೆ, 2019ರ ತಿದ್ದುಪಡಿಯ ಪ್ರಕಾರ.

ಎರಡನೇ ಕಾಲಂ, ಸಿಗುವುದು ಯಾವುದು? ಸಿನಿಮಾದಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ವರ್ಗದ್ದು, ಸಾಮಾನ್ಯರಿಗೆ ಇಲ್ಲ. ಹೆಚ್ಚಾಗಿ ಸಿಗುವುದು .32 ಬೋರ್. ನಿಮಗೆ ನೆನಪಿರಬಹುದು, 2012ರ ದೆಹಲಿಯ ಘಟನೆಯ ನಂತರ, 2014ರ ಆರಂಭದಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ತೂಕ ಸುಮಾರು 500 ಗ್ರಾಂ, ಆರು ಗುಂಡು. ಬೆಲೆ ಆಗಲೇ 1 ಲಕ್ಷ 22 ಸಾವಿರದ ಮೇಲೆ. ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ಮಣಿಪುರದಲ್ಲಿ ಬಂದೂಕಿಗೆ ಗಂಡನನ್ನು, ಮಕ್ಕಳನ್ನು ಕಳೆದುಕೊಂಡ ಹೆಂಗಸರ ನಡುವೆ ಕೆಲಸ ಮಾಡುವ ಬಿನಾಲಕ್ಷ್ಮಿ ನೆಪ್ರಾಮ್ ಅವರು ಅದನ್ನು ಆಗಲೇ ವಿರೋಧಿಸಿದ್ದರು. 2023ರಲ್ಲಿ ಕಾನ್ಪುರದಿಂದಲೇ 'ಪ್ರಬಲ್' ಬಂತು. ಅದು ಸುಮಾರು 700 ಗ್ರಾಂ.

"ಹಾಗಾದರೆ ಹಗುರದ್ದೇ ಒಳ್ಳೆಯದು" ಎಂದರು ಅತ್ತೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲೇ ಎಂಜಿನಿಯರಿಂಗ್ ಅಡ್ಡ ಬಂತು.

ಗುಂಡು ಎಷ್ಟು ಬಲದಿಂದ ಮುಂದೆ ಹೋಗುತ್ತದೋ ಅಷ್ಟೇ ಬಲದಿಂದ ಗನ್ ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ ಹೇಳಿದ್ದು ಅದೇ. ಆರು ಗ್ರಾಂ ಚಿಲ್ಲರೆ ತೂಕದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ, ಅರ್ಧ ಕಿಲೋದ ಗನ್ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಅಂಗೈಗೆ ಬಡಿಯುತ್ತದೆ. ಗನ್ ಭಾರವಿದ್ದರೆ ಏಟು ಕಡಿಮೆ. ಅಂದರೆ ಪರ್ಸಿಗೆ ಹಗುರ ಬೇಕು, ಮಣಿಕಟ್ಟಿಗೆ ಭಾರ ಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಇನ್ನು ಬೆರಳು. ಪಿಸ್ತೂಲಾದರೆ ಗುಂಡು ಏರಿಸಲು ಮೇಲಿನ ಸ್ಲೈಡನ್ನು ಗಟ್ಟಿ ಸ್ಪ್ರಿಂಗಿನ ಎದುರು ಹಿಂದಕ್ಕೆ ಎಳೆಯಬೇಕು. ಸಂಧಿವಾತದ ಕೈಗೆ ಅದು ಉಪ್ಪಿನಕಾಯಿ ಭರಣಿಯ ಬಿಗಿದ ಮುಚ್ಚಳಕ್ಕಿಂತ ಕಷ್ಟ. ರಿವಾಲ್ವರಿನಲ್ಲಿ ಆ ತೊಂದರೆಯಿಲ್ಲ, ಆದರೆ ಕುದುರೆ ಎಳೆಯದೆ ನೇರವಾಗಿ ಟ್ರಿಗರ್ ಒತ್ತಲು ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕು, ಅದೂ ಒಂದೇ ಬೆರಳಿನಲ್ಲಿ. ಕಣ್ಣಿನ ಕತೆಯೂ ಇದೆ. ಗನ್ ಚಿಕ್ಕದಾದಷ್ಟೂ ಗುರಿ ನೋಡುವ ಎರಡು ಗುರುತುಗಳು ಹತ್ತಿರ ಹತ್ತಿರ. ಕೈ ಕೂದಲೆಳೆ ಅಲುಗಿದರೂ ಗುಂಡು ಎಲ್ಲೋ. ನಲವತ್ತು ದಾಟಿದವರಿಗೆ ಕನ್ನಡಕವಿಲ್ಲದೆ ಆ ಗುರುತೇ ಮಸುಕು. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ ಇದೆ.

ಮತ್ತೆ, ಇಡುವುದೆಲ್ಲಿ? ಸೀರೆಗೆ ಜೇಬಿಲ್ಲ, ಬೆಲ್ಟಿಲ್ಲ. ಪರ್ಸಿನಲ್ಲಿ ಇಟ್ಟರೆ ಜಿಪ್ ತೆಗೆಯಬೇಕು, ಕೀ, ಮಾತ್ರೆ, ಕರ್ಚೀಫು, ಟ್ರೈನ್ ಪಾಸ್ ಎಲ್ಲ ಸರಿಸಬೇಕು. ಪರ್ಸನ್ನೇ ಕಸಿದುಕೊಂಡು ಹೋದರೆ ಕಳ್ಳನಿಗೆ ನಾವೇ ಪಿಸ್ತೂಲು ಕೊಟ್ಟ ಹಾಗೆ. ಲೈಸೆನ್ಸಿನ ಷರತ್ತಿನ ಪ್ರಕಾರ ಜಾತ್ರೆ, ಮೆರವಣಿಗೆ, ಸಾರ್ವಜನಿಕ ಸಭೆ, ಶಾಲೆ-ಕಾಲೇಜಿನ ಆವರಣಕ್ಕೆ ಒಯ್ಯುವ ಹಾಗಿಲ್ಲ. ಅಂದರೆ ಅತ್ತೆ ಹೊರಗೆ ಹೋಗುವ ಜಾಗಗಳಲ್ಲಿ ಅರ್ಧಕ್ಕರ್ಧ ಹೋಯಿತು. ಮನೆಯಲ್ಲಿ ಇಡುವುದಾದರೆ ಬೀಗ ಹಾಕಿಡಬೇಕು. ಕೆಲಸದ ಬಾಯಿ ಬರುತ್ತಾಳೆ, ಅವಳ ಮಗು ಬರುತ್ತದೆ, ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಬೀಗದೊಳಗೆ ಇದ್ದರೆ ಆ ಮಧ್ಯಾಹ್ನ ಬೆಲ್ ಆದಾಗ ಅದು ಉಪಯೋಗಕ್ಕೆ ಬರುತ್ತಿತ್ತೇ?

ಇನ್ನೊಂದು ಮಾತು, ಮೆಲ್ಲಗೆ ಹೇಳುತ್ತೇನೆ. ಮುಪ್ಪಿನಲ್ಲಿ ಮರೆವು ಬರುತ್ತದೆ, ಮನಸ್ಸು ಕುಗ್ಗುವ ದಿನಗಳೂ ಬರುತ್ತವೆ. ಅಂಥ ದಿನ ಕೈಗೆಟಕುವ ಹತ್ತಿರ ಗುಂಡು ತುಂಬಿದ ಗನ್ ಇರಬಾರದು. ಇದನ್ನು ಮಾತ್ರ ನಾನು ಅತ್ತೆಗೆ ಹೇಳಲಿಲ್ಲ. ಅವರೇ ಹೇಳಿದರು: "ಮಾವ ಹೋದ ವರ್ಷ ಅದು ಮನೆಯಲ್ಲಿ ಇರದಿದ್ದದ್ದೇ ಒಳ್ಳೆಯದಾಯಿತು." ಫೋನಿನಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗೆಂದು ವಯಸ್ಸಾದವರ ಕೈಯಲ್ಲಿ ಆಗದು ಎಂದು ಹೇಳುತ್ತಿಲ್ಲ. ಉತ್ತರ ಪ್ರದೇಶದ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಮೊಮ್ಮಗಳ ಜೊತೆ ಶೂಟಿಂಗ್ ಕ್ಲಬ್ಬಿಗೆ ಹೋದವರು, ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದು ಪದಕಗಳನ್ನು ಗೆದ್ದರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ನಮ್ಮ ಪನ್ವೇಲಿನಲ್ಲೇ ಶೂಟಿಂಗ್ ಕ್ಲಬ್ ನಡೆಸುವ ಒಲಿಂಪಿಯನ್ ಸುಮಾ ಶಿರೂರ್ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. ಆದರೆ ಇವರೆಲ್ಲರ ಹಿಂದೆ ವರ್ಷಗಟ್ಟಲೆ ಅಭ್ಯಾಸವಿದೆ. ಎದುರಿಗೆ ಅಲುಗಾಡದ ಗುರಿ ಇದೆ.

ಅತ್ತೆಯನ್ನೂ ಒಂದು ದಿನ ರೇಂಜಿಗೆ ಕರೆದುಕೊಂಡು ಹೋದೆ. ಏರ್ ಪಿಸ್ತೂಲು, ಸುಮಾರು ಒಂದು ಕಿಲೋ ತೂಕ. ಕೋಚ್ ಹುಡುಗಿ ತಾಳ್ಮೆಯಿಂದ ಹೇಳಿಕೊಟ್ಟಳು. ಮೊದಲ ಎರಡು ಪೆಲೆಟ್ ಗುರಿಹಲಗೆಯನ್ನೇ ಮುಟ್ಟಲಿಲ್ಲ. ಮೂರನೆಯದು ಅಂಚಿಗೆ ತಾಗಿತು. ಐದನೆಯದಕ್ಕೆ ಕೈ ನಡುಗಿತು. ಪಿಸ್ತೂಲು ಕೆಳಗಿಟ್ಟು ಜೋರಾಗಿ ನಕ್ಕರು. ಆ ಘಟನೆಯ ನಂತರ ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದರು, "ಅವನ ಕೈಯಲ್ಲಿ ಇದ್ದದ್ದು ಸ್ಕ್ರೂಡ್ರೈವರ್. ನನ್ನ ಹತ್ತಿರ ಗನ್ ಇದ್ದು ಹೊಡೆದುಬಿಟ್ಟಿದ್ದರೆ?" ಆತ್ಮರಕ್ಷಣೆಯ ಹಕ್ಕು ನಮಗಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ರಕ್ಷಣೆಗೆ ಬೇಕಾದಷ್ಟೇ, ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಎಷ್ಟು ಬೇಕು ಎಂದು ಎರಡು ಸೆಕೆಂಡಿನಲ್ಲಿ ತೀರ್ಮಾನಿಸುವುದು ಅತ್ತೆ, ಕೋರ್ಟಿಗೆ ಅದಕ್ಕೇ ವರ್ಷಗಳು ಬೇಕು ಎಂದೆ.

ಆಮೇಲೆ ಅವರು ಹೇಳಿದ ಮಾತಿಗಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. "ನನಗೆ ಪಿಸ್ತೂಲು ಬೇಡ. ಆದರೆ ಒಂದು ಹೇಳ್ತೇನೆ, ಬೇಜಾರು ಮಾಡಬೇಡ. ಹತ್ತು ವರ್ಷದಲ್ಲಿ ನೀನು ನನಗೆ ಇಷ್ಟು ಫೋನ್ ಮಾಡಿರಲಿಲ್ಲ. ಈ ಎರಡು ತಿಂಗಳು ದಿನಾ ರಾತ್ರಿ ಮಾಡಿದೆ. ನನಗೆ ನಿದ್ದೆ ಬಂದದ್ದು ಅದರಿಂದ."

ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇರಲೇ ಇಲ್ಲ.

ಈಗ ಏನು ಮಾಡಿದ್ದೇವೆಂದರೆ, ಜಾಲರಿಯ ಸೇಫ್ಟಿ ಡೋರ್ ಹಾಕಿಸಿದ್ದೇವೆ. ಅದನ್ನು ತೆರೆಯದೆಯೇ ಮಾತಾಡುವುದು, ಗುರುತಿನ ಚೀಟಿ ಕೇಳುವುದು, ವಾಚ್‌ಮನ್‌ಗೆ ಇಂಟರ್‌ಕಾಂ ಮಾಡಿ ಖಾತ್ರಿಪಡಿಸಿಕೊಳ್ಳುವುದು. ಒಂದು ಕೀ ಭಾಬಿಯ ಬಳಿ. ಅತ್ತೆಯ ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಮಾವಿನ ಮರಕ್ಕೆ ಬರುವ ಮಂಗ ಓಡಿಸಲೂ ಆಗುತ್ತದೆ ಎನ್ನುತ್ತಾರೆ. ಠಾಣೆಯಲ್ಲಿ ಒಂಟಿ ಹಿರಿಯರೆಂದು ಹೆಸರು ಬರೆಸಿದ್ದೇವೆ. ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ನಂಬರುಗಳು: ಯಾವುದೇ ತುರ್ತಿಗೆ 112, ಮುಂಬಯಿ ಪೊಲೀಸರ ಮಹಿಳಾ ಮತ್ತು ಹಿರಿಯರ ಸಹಾಯವಾಣಿ 103, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಆನ್‌ಲೈನ್ ಮೋಸಕ್ಕೆ 1930. ಈ ಕೊನೆಯದನ್ನು ಮರೆಯಬೇಡಿ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಿರಿಯರ ಜೀವಮಾನದ ಉಳಿತಾಯ ದೋಚುವವನು ಬಾಗಿಲಿಗೆ ಬರುವುದೇ ಇಲ್ಲ. ಅವನಿಗೆ ಯಾವ ಪಿಸ್ತೂಲೂ ತಾಗುವುದಿಲ್ಲ.

ಕೊನೆಗೆ ನಮ್ಮ ವಿಭಾಗಕ್ಕೆ ನನ್ನದೊಂದು ಕೋರಿಕೆ. ನಮ್ಮ ಸದಸ್ಯೆಯರಲ್ಲಿ ಒಬ್ಬರೇ ಇರುವ ಹಿರಿಯರು ಯಾರ್‍ಯಾರು ಎಂದು ಒಂದು ಪಟ್ಟಿ ಮಾಡೋಣ. ನನ್ನಂಥ ಕಿರಿಯರು ಒಬ್ಬೊಬ್ಬರು ಇಬ್ಬಿಬ್ಬರ ಹೆಸರು ತೆಗೆದುಕೊಳ್ಳೋಣ. ದಿನಾ ರಾತ್ರಿ ಒಂಬತ್ತಕ್ಕೆ ಒಂದು ಫೋನ್. "ಊಟ ಆಯ್ತಾ? ಬಾಗಿಲು ಹಾಕಿದ್ರಾ?" ಅಷ್ಟೇ. ಎತ್ತದಿದ್ದರೆ ಪಕ್ಕದ ಮನೆಗೆ ಫೋನ್. ಇದಕ್ಕೆ ಲೈಸೆನ್ಸ್ ಬೇಡ.

ಮೊದಲ ಎರಡು ಹೆಸರು ನನಗೆ ಕೊಡಿ. ಅತ್ತೆ ಮೂರನೆಯವರು. ಅವರೂ ಇವತ್ತು ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಪರ್ಸಿನಲ್ಲಿ ಬರೀ ಸೀಟಿ ಇದೆ, ಹೆದರಬೇಡಿ.