ಕಸದ ಗುಡ್ಡೆಗೂ ಒಂದು ಲೆಕ್ಕಪುಸ್ತಕ

ಗುಂಡ್ಲುಪೇಟೆಯಿಂದ ಮಾತಾಡ್ತಿದ್ದೀನಿ. ನಮ್ಮ ಮಾವನ ಚೆಂಡುಹೂವಿನ ಹೊಲದಾಚೆ ಯಾರ್ಯಾರೋ ತಂದು ಸುರಿದ ಕಸದ ಗುಡ್ಡೆ ಇದೆ. ಇತ್ತ ಬೋರ್‌ವೆಲ್. "ನೀರು ತಿಳಿಯಾಗೇ ಅದೆ ಕನ್ಲಾ, ಕುಡಿ" ಅಂದ್ರು. ಕುಡಿದೆ. ಆಮೇಲೆ ತಲೆಗೆ ಹುಳ ಬಿಟ್ಕೊಂಡೆ.

ಕಸದ ಮೇಲೆ ಮಳೆ ಬಿದ್ದು, ಕೊಳೆತಿದ್ದನ್ನ ತೊಳ್ಕೊಂಡು ಇಳಿಯೋ ಕಪ್ಪು ನೀರಿಗೆ ಲೀಚೇಟ್ ಅಂತಾರೆ. ಬೆಂಗಳೂರಿನ ಉತ್ತರಕ್ಕಿರೋ ಮಾವಳ್ಳಿಪುರದಲ್ಲಿ ಊರಿನವರು ಪಟ್ಟು ಹಿಡಿದ ಮೇಲೆ, 2012ರಲ್ಲಿ ನಗರದ ಕಸ ಬರೋದು ನಿಂತಿತು. ಅಲ್ಲಿನ ಲೀಚೇಟನ್ನ ಐಐಎಸ್‌ಸಿ ಸಂಶೋಧಕರು ಪರೀಕ್ಷಿಸಿದ್ರು. ಸಿಒಡಿ, ಅಂದ್ರೆ ನೀರಲ್ಲಿರೋ ಕೊಳೆಯನ್ನ ರಾಸಾಯನಿಕವಾಗಿ ಒಡೆಯೋಕೆ ಬೇಕಾದ ಆಮ್ಲಜನಕ, ಲೀಟರಿಗೆ ಸುಮಾರು 10,400 ಮಿಲಿಗ್ರಾಂ. ಹಳ್ಳಕ್ಕೆ ಬಿಡೋ ನೀರಿಗೆ ಮಿತಿ ಎಷ್ಟು ಗೊತ್ತಾ? 250.

ಇಂಥ 18 ಅಂಶಗಳಿಗೆ ಒಂದೊಂದು ತೂಕ ಕೊಟ್ಟು, ಕೂಡಿಸಿ, ಒಂದೇ ಅಂಕಿ ತೆಗೆಯೋ ವಿಧಾನವನ್ನ ದೆಹಲಿ ಐಐಟಿಯ ದಿನೇಶ್ ಕುಮಾರ್ ಮತ್ತು ಬಾಬು ಅಲಪ್ಪಾಟ್ ರೂಪಿಸಿದ್ರು. ಹೆಸರು ಲೀಚೇಟ್ ಪೊಲ್ಯೂಷನ್ ಇಂಡೆಕ್ಸ್. ಕ್ರೋಮಿಯಂ, ಸೀಸಕ್ಕೆ ತೂಕ ಜಾಸ್ತಿ, ಕಬ್ಬಿಣಕ್ಕೆ ಕಮ್ಮಿ. ಎಲ್ಲ ಅಂಶಗಳೂ ಸರಿಯಾಗಿ ಮಿತಿಯಲ್ಲೇ ಇದ್ರೆ 7.378 ಬರುತ್ತೆ. ನನ್ನಂಥ ಬಿ.ಕಾಂ ಗಿರಾಕಿಗೆ ಇದು ಸೆನ್ಸೆಕ್ಸ್ ಥರ ಕಾಣ್ಸುತ್ತೆ. ಸೆನ್ಸೆಕ್ಸ್ ಏರಿದ ದಿನವೂ ನಿಮ್ಮ ಶೇರು ಮಕಾಡೆ ಮಲಗಿರಬಹುದಲ್ವಾ? ಹಾಗೇ ಒಟ್ಟು ಅಂಕಿ ಚೆನ್ನಾಗಿದ್ರೂ ಒಂದು ಲೋಹ ಮಿತಿ ಮೀರಿರಬಹುದು. ಅದಕ್ಕೇ ನಾನು ಬಿಡಿ ಅಂಕಿಗಳನ್ನ ಮೊದಲು ಕೇಳ್ತೀನಿ.

ಇನ್ನು ಮಾಡೆಲ್. ಕಸದಿಂದ ಮೀಥೇನ್ ಬರೋ ಲೆಕ್ಕ ನಾವು ಕಾಲೇಜಲ್ಲಿ ಮಾಡಿದ ಡಿಪ್ರಿಸಿಯೇಷನ್ನೇ, ರಿಟನ್ ಡೌನ್ ವ್ಯಾಲ್ಯೂ ವಿಧಾನ. ಉಳಿದಿದ್ದರಲ್ಲಿ ವರ್ಷಕ್ಕೆ ಶೇ 5ರಷ್ಟು ಕೊಳೆಯುತ್ತೆ ಅಂತ ಹಿಡಿದ್ರೆ, ಅರ್ಧ ಕರಗೋಕೆ ಸುಮಾರು 14 ವರ್ಷ. ಅಂದ್ರೆ ಗೇಟಿಗೆ ಬೀಗ ಬಿದ್ರೂ ಒಳಗೆ ಕೆಲಸ ನಡೀತಾನೇ ಇರುತ್ತೆ. ಆದ್ರೆ ಆ ಶೇ 5 ಅನ್ನೋದು ಊಹೆ. ಒದ್ದೆ ಕಸ, ಮಳೆ ಜಾಸ್ತಿ ಇದ್ರೆ ಬೇಗ ಕೊಳೆಯುತ್ತೆ. ಸ್ಥಳಕ್ಕೆ ಹೋಗಿ ಅಳೆಯದೆ ಮಾಡೆಲ್ ಮಾತ್ರ ನಂಬೋದು, ಗೋಡೌನಿಗೇ ಹೋಗದೆ ಸ್ಟಾಕ್ ಆಡಿಟ್ ಮಾಡಿದ ಹಾಗೆ.

ಮಾವನ ನೀರಿಗೆ ಬರೋಣ. ನೈಟ್ರೇಟ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ಒಂದೇ ಬೋರ್‌ವೆಲ್ ಪರೀಕ್ಷಿಸಿದ್ರೆ ಅದು ಗೊಬ್ಬರದ್ದೋ ಕಸದ್ದೋ ಹೇಳೋದು ಕಷ್ಟ. ಗುಡ್ಡೆಗಿಂತ ಮೇಲಿನದ್ದು ಒಂದು, ಇಳಿಜಾರಿನದ್ದು ಒಂದು, ಮಳೆಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ, ಹೀಗೆ ಹೋಲಿಸಬೇಕು. ಮಾವ ನಕ್ಕರು, ಆದ್ರೂ ಒಪ್ಪಿದ್ದಾರೆ. ಭಾನುವಾರ ಎರಡು ಬಾಟಲಿ ಹಿಡ್ಕೊಂಡು ಹೋಗ್ತೀನಿ.