ಮದುವೆ ಮಾಡಿ ನೋಡು, ಕಥೆ ಬರೆದು ನೋಡು, ಬೆಟ್ಟ ಹತ್ತಿ ನೋಡು

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ದಂಪತಿಗಳಿಬ್ಬರು ಕೂಡಿ ಮಾಡಿದ ಭಾಷಣ)



ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ನಮ್ಮ ಹಿರಿಯರು. ದೇಶ ಸುತ್ತು, ಕೋಶ ಓದು ಎಂದವರೂ ಅವರೇ. ಆದರೆ ಇವನ್ನೆಲ್ಲ ಒಂದೇ ವರ್ಷದಲ್ಲಿ ಮಾಡಿ ಮುಗಿಸು ಎಂದು ಮಾತ್ರ ಅವರು ಹೇಳಲಿಲ್ಲ. ಕಳೆದ ವರ್ಷ ನಮ್ಮ ಮಗಳ ಮದುವೆಯಾಯಿತು. ಅದೇ ವರ್ಷ ನಾವು ಕಥೆ ಬರೆಯುವುದನ್ನೂ ಶನಿವಾರದ ಬೆಟ್ಟದ ನಡಿಗೆಯನ್ನೂ ಬಿಡಲಿಲ್ಲ. ‘ಹೇಗೆ ಸಾಧ್ಯವಾಯಿತು, ಹತ್ತು ನಿಮಿಷ ಹೇಳಿ’ ಎಂದು ಸಮಿತಿಯವರು ಕೇಳಿದ್ದರಿಂದ ನಿಮ್ಮ ಮುಂದೆ ನಿಂತಿದ್ದೇವೆ. ಊಟ ತಯಾರಾಗಿದೆ ಎಂಬುದು ನಮ್ಮ ಮೂಗಿಗೂ ಗೊತ್ತು, ಬೇಗ ಮುಗಿಸುತ್ತೇವೆ.

ಈ ವಿಷಯ ನಮಗೆ ಬರೀ ಹವ್ಯಾಸದ ಮಾತಲ್ಲ. ನಮ್ಮ ಹಿರಿಯ ಗೆಳೆಯರೊಬ್ಬರು ಕಾದಂಬರಿಯೊಂದಕ್ಕೆ ನಾಲ್ಕು ನೋಟ್‌ಬುಕ್ ತುಂಬ ಟಿಪ್ಪಣಿ ಮಾಡಿಕೊಂಡಿದ್ದರು. ಮಗನ ಮದುವೆ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ, ನಿವೃತ್ತಿಯಾಗಲಿ ಎನ್ನುತ್ತಿದ್ದರು. ಎಲ್ಲವೂ ಮುಗಿದವು, ಅವರೂ ಹೋದರು. ಈಗ ಆ ನೋಟ್‌ಬುಕ್ಕುಗಳನ್ನು ಮಕ್ಕಳು ಭಕ್ತಿಯಿಂದ ಕಪಾಟಿನಲ್ಲಿಟ್ಟಿದ್ದಾರೆ. ಓದಲು ಅವರಿಗೆ ಕನ್ನಡ ಬಾರದು. ಊರಿನಲ್ಲಿ ಬರೆಯದೆ ಉಳಿದದ್ದನ್ನು ಇನ್ನೊಬ್ಬರು ಬರೆದಾರು. ಇಲ್ಲಿ ನಮ್ಮ ಬದುಕಿನ ಕಥೆಯನ್ನು ಕನ್ನಡದಲ್ಲಿ ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಮಗಳ ಮದುವೆ ನಿಶ್ಚಯವಾದ ದಿನವೇ ‘ಆಮೇಲೆ’ ಎಂಬ ಪದವನ್ನು ಮನೆಯಿಂದ ಹೊರಗಿಡೋಣ ಎಂದು ನಾವು ಮಾತಾಡಿಕೊಂಡದ್ದು ಇದಕ್ಕಾಗಿ.

ಮೊದಲು ಪಂಚಾಂಗ ನೋಡಿದೆವು. ಪಕ್ಕದಲ್ಲೇ ಹವಾಮಾನವನ್ನೂ ನೋಡಿದೆವು. ಈ ವಾಷಿಂಗ್ಟನ್ ರಾಜ್ಯದಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಮಳೆ ಜಿನುಗುತ್ತಲೇ ಇರುತ್ತದೆ. ಜೂನಿನಲ್ಲಾದರೆ ರಾತ್ರಿ ಒಂಬತ್ತಾದರೂ ಬೆಳಕು. ಎತ್ತರದ ಬೆಟ್ಟಗಳ ದಾರಿಯ ಹಿಮ ಕರಗುವುದು ಸಾಮಾನ್ಯವಾಗಿ ಜುಲೈ ಹೊತ್ತಿಗೆ. ಹಾಗಾಗಿ ಚಳಿಗಾಲದ ಕತ್ತಲನ್ನು ಬರವಣಿಗೆಗೆ ಕೊಟ್ಟೆವು. ಆಷಾಢದಲ್ಲಿ ನಮ್ಮವರು ಮದುವೆ ಇಟ್ಟುಕೊಳ್ಳುವುದಿಲ್ಲವಷ್ಟೆ? ಊರಿನಲ್ಲಿ ಆಷಾಢವೆಂದರೆ ಗಾಳಿ, ಮಳೆ, ತವರಿಗೆ ಹೋದ ಹೊಸ ಸೊಸೆ. ಇಲ್ಲಿ ಅದೇ ದಿನಗಳಲ್ಲಿ ಬೆಟ್ಟದ ಹಾದಿ ತೆರೆದುಕೊಳ್ಳುತ್ತದೆ, ಹುಲ್ಲುಗಾವಲು ಹೂ ಬಿಡುತ್ತದೆ. ಆಷಾಢವನ್ನು ಬೆಟ್ಟಕ್ಕೂ ಶ್ರಾವಣವನ್ನು ಮದುವೆಗೂ ಬಿಟ್ಟೆವು. ಪಂಚಾಂಗ ಇಷ್ಟು ಅನುಕೂಲವಾಗಿ ಒದಗಿಬರುತ್ತದೆಂದು ನಾವೂ ಎಣಿಸಿರಲಿಲ್ಲ.

ಇನ್ನು ದಿನಚರಿ. ಬೇಸಿಗೆಯಲ್ಲಿ ಇಲ್ಲಿಗೂ ಬೆಂಗಳೂರಿಗೂ ಹನ್ನೆರಡೂವರೆ ಗಂಟೆಯ ಅಂತರ. ನಮ್ಮ ಬೆಳಗಿನ ಆರಕ್ಕೆ ಅಲ್ಲಿ ಸಂಜೆ ಆರೂವರೆ. ನೆಂಟರು ಕಾಫಿ ಮುಗಿಸಿ ಫೋನ್ ಹಿಡಿಯುವ ಹೊತ್ತು. ರೇಷ್ಮೆ ಸೀರೆಯ ಅಂಚಿನಿಂದ ಪುರೋಹಿತರ ಪ್ರಯಾಣದವರೆಗೆ ಎಲ್ಲ ಚರ್ಚೆಯೂ ಆಗಲೇ. ಆದ್ದರಿಂದ ಐದೂವರೆಗೆ ಎದ್ದು ಅರ್ಧ ಗಂಟೆ ಬರೆಯುವುದೆಂದು ನಿಯಮ ಮಾಡಿಕೊಂಡೆವು. ಒಂದೇ ಮೇಜು, ಎರಡು ಕುರ್ಚಿ, ಮಾತಿಲ್ಲ. ದಿನಕ್ಕೆ ಅರ್ಧ ಪುಟವಾದರೆ ಹಬ್ಬ, ಎರಡು ಸಾಲಾದರೂ ಸರಿ. ಯುಗಾದಿಯ ವೇಳೆಗೆ ಹನ್ನೊಂದು ಪುಟದ ಒಂದು ಕಥೆ ಮುಗಿದಿತ್ತು. ಮಾಸ್ತಿಯವರು ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಕಥೆ ಬರೆದವರು. ಅವರ ಮೊದಲ ಸಂಕಲನ ಬಂದದ್ದು 1920ರಲ್ಲಿ. ಕೆಲಸ ಮುಗಿದ ಮೇಲೆ ಬರೆಯುತ್ತೇನೆಂದು ಅವರು ಕೂತಿದ್ದರೆ ಕನ್ನಡ ಸಣ್ಣಕಥೆಯ ಗತಿ ಏನಾಗುತ್ತಿತ್ತು, ನೀವೇ ಯೋಚಿಸಿ.

ಶನಿವಾರದ ನಡಿಗೆಗೆ ಒಂದು ಕಾನೂನು: ಏರುವಾಗ ಮದುವೆಯ ಮಾತಿಲ್ಲ, ಇಳಿಯುವಾಗ ಮಾತ್ರ. ಮೌಂಟ್ ಸೈ ಹತ್ತಿದವರಿಗೆ ಇದರ ಮರ್ಮ ತಿಳಿದೀತು. ನಾಲ್ಕು ಮೈಲಿಯಲ್ಲಿ ಮೂರು ಸಾವಿರ ಅಡಿಗೂ ಹೆಚ್ಚು ಏರಬೇಕು. ಜಗಳಕ್ಕೆ ಬೇಕಾದ ಉಸಿರು ಯಾರಲ್ಲೂ ಉಳಿದಿರುವುದಿಲ್ಲ. ಇಳಿಯುವಾಗ ಮನಸ್ಸು ಹಗುರವಾಗಿರುತ್ತದೆ. ಯಾರನ್ನು ಕರೆಯಬೇಕು, ಯಾವ ಶಾಸ್ತ್ರ ಉಳಿಸಬೇಕು ಎಂಬ ಕಷ್ಟದ ತೀರ್ಮಾನಗಳೆಲ್ಲ ಆದದ್ದು ಇಳಿಜಾರಿನಲ್ಲೇ. ಮೂರು ದಿನದ ಕಾರ್ಯಕ್ರಮ ಒಂದೂವರೆ ದಿನಕ್ಕೆ ಇಳಿಯಿತು. ಸಂಗೀತ ಸಂಜೆ, ಉಡುಗೊರೆಯ ಚೀಲಗಳು, ಎರಡನೆಯ ಸಭಾಂಗಣ ಬಿಟ್ಟುಹೋದವು. ಎಲ್ಲವನ್ನೂ ಉಳಿಸಿಕೊಂಡು ಎಲ್ಲವನ್ನೂ ಮಾಡುತ್ತೇವೆ ಎನ್ನುವವರಿಗೆ ನಮ್ಮ ಬಳಿ ಉಪಾಯವಿಲ್ಲ.

ಬಿಡಬಾರದ ಕೆಲವು ಕೆಲಸಗಳಿವೆ. ಮಕ್ಕಳ ಮದುವೆ ಮಾಡಲಿರುವವರು ಬರೆದುಕೊಳ್ಳಿ. ಈ ರಾಜ್ಯದಲ್ಲಿ ವಿವಾಹದ ಪರವಾನಗಿ ಪಡೆದ ಮೇಲೆ ಮೂರು ದಿನ ಕಾಯಲೇಬೇಕು. ಅರವತ್ತು ದಿನದೊಳಗೆ ಮದುವೆ ನಡೆಯಬೇಕು. ಇಬ್ಬರು ಸಾಕ್ಷಿಗಳು ಬೇಕು. ಹೋಮಕ್ಕೆ ಸಭಾಂಗಣದವರ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಬಯಲಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸುವುದುಂಟು. ಅಗ್ನಿಸಾಕ್ಷಿಯಾಗಿ ಎನ್ನುವ ಮೊದಲು ಅಗ್ನಿಶಾಮಕ ದಳವನ್ನೂ ಸಾಕ್ಷಿಯಾಗಿಸಿಕೊಳ್ಳುವುದು ಕ್ಷೇಮ!

ಒಂದು ದಿನ ಮಗಳು ಕೇಳಿದಳು: ‘ಇಷ್ಟು ಹೊತ್ತು ಕೂರಿಸುತ್ತೀರಿ, ಏನು ಹೇಳಿಸುತ್ತೀರಿ ಅಂತ ನನಗೂ ಗೊತ್ತಾಗಬೇಡವೇ?’ ಬೀಗರಿಗಂತೂ ಕನ್ನಡವೂ ಬಾರದು, ಸಂಸ್ಕೃತವೂ ಬಾರದು. ಆ ವಸಂತದಲ್ಲಿ ನಮ್ಮ ಬೆಳಗಿನ ಅರ್ಧ ಗಂಟೆ ಈ ಪ್ರಶ್ನೆಗೆ ಮೀಸಲಾಯಿತು. ಕಾಶೀಯಾತ್ರೆ, ಜೀರಿಗೆ ಬೆಲ್ಲ, ಧಾರೆ, ಸಪ್ತಪದಿ ಒಂದೊಂದಕ್ಕೂ ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಇಂಗ್ಲಿಷ್. ಸಪ್ತಪದಿಯ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಏಳು ಹೆಜ್ಜೆಯಾದ ಮೇಲೆ ಇಬ್ಬರೂ ಸಖರು. ಬರೆಯುತ್ತ ಬರೆಯುತ್ತ ನಮಗೆ ಹೊಳೆಯಿತು: ಇಷ್ಟು ವರ್ಷದ ಶನಿವಾರಗಳಲ್ಲಿ ನಾವು ಮಾಡಿದ್ದೂ ಅದನ್ನೇ, ಜೊತೆಗೆ ನಡೆದದ್ದು.

ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿದ್ದೂ ವಧೂವರರಿಗೆ ಅರ್ಥವಾಗುವ ಸರಳ ಮದುವೆಗಾಗಿ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹಾಗೆಯೇ ನಡೆಯಿತು. ಆಮೇಲೆ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು, ಗಾಳ ಹಾಕಿ ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು, 1980ರಲ್ಲಿ ‘ಕರ್ವಾಲೊ’ವನ್ನೂ ಕೊಟ್ಟರು. ಅವರ ಹವ್ಯಾಸ ಬರವಣಿಗೆಯ ಹೊತ್ತನ್ನು ತಿನ್ನಲಿಲ್ಲ, ಅದಕ್ಕೆ ಉಣಿಸಿತು. ಅವರು 2007ರಲ್ಲಿ ತೀರಿಕೊಂಡ ಮೇಲೆ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರೆದರು. ಸರಳವಾಗಿ ನಡೆದ ಮದುವೆಯಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತು ನೋಡಿ.

ಕೊನೆಗೆ ಅರುಂಧತಿಯ ಮಾತು. ಹಾಡುಹಗಲಲ್ಲಿ ಸಭಾಂಗಣದ ಸೂರಿನತ್ತ ಬೆರಳು ತೋರಿಸಿ ‘ಕಂಡಿತೇ?’ ಎಂದರೆ ಎಲ್ಲರೂ ‘ಕಂಡಿತು’ ಎನ್ನುವುದು ವಾಡಿಕೆ. ನಾವು ಮದುವೆಯ ರಾತ್ರಿ ಮಕ್ಕಳನ್ನೂ ಬೀಗರನ್ನೂ ಹೊರಗೆ ಕರೆದೊಯ್ದು ಸಪ್ತರ್ಷಿ ಮಂಡಲದ ಬಾಲದ ನಡುವಿನ ವಸಿಷ್ಠನನ್ನೂ ಪಕ್ಕದ ಸಣ್ಣ ಚುಕ್ಕೆ ಅರುಂಧತಿಯನ್ನೂ ತೋರಿಸಿದೆವು. ಬೆಂಗಳೂರಿನಲ್ಲಿ ಈ ಜೋಡಿ ಹುಟ್ಟಿ ಮುಳುಗುತ್ತದೆ. ಉತ್ತರಕ್ಕಿರುವ ಈ ನಮ್ಮ ಊರಿನಲ್ಲಿ ವರ್ಷವಿಡೀ ಮುಳುಗುವುದೇ ಇಲ್ಲ. ಮೋಡವಿಲ್ಲದ ಯಾವ ರಾತ್ರಿಯಲ್ಲೂ ಕಾಣುತ್ತದೆ. ಇದನ್ನು ಹೇಳಿದಾಗ ಬೀಗಿತ್ತಿಯವರು ಪುಸ್ತಿಕೆ ತೆರೆದು, ಕನ್ನಡದ ಪುಟದ ಮೇಲೆ ಬೆರಳಿಟ್ಟು, ‘ಇಲ್ಲಿ ಅರುಂಧತಿ ಎಂದು ಎಲ್ಲಿ ಬರೆದಿದೆ?’ ಎಂದು ಕೇಳಿದರು. ತೋರಿಸಿದೆವು. ನಾಲ್ಕು ಅಕ್ಷರ ಕೂಡಿಸಿಕೊಂಡು ಓದಿದರು.

ಸಂಘಕ್ಕೆ ನಮ್ಮದೊಂದು ವಿನಂತಿ. ನಮ್ಮಲ್ಲಿ ಮದುವೆಯಾಗುವ ಪ್ರತಿ ಮನೆಯವರಿಂದಲೂ ಕನ್ನಡದಲ್ಲಿ ಎರಡು ಪುಟ ಬರೆಸಿ, ಮುಂದಿನ ಸಂಚಿಕೆಗಳಲ್ಲಿ ಅಚ್ಚು ಮಾಡಿ. ಬರೆಯಲು ಹೊತ್ತಿಲ್ಲ ಎನ್ನುವವರು ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮೊಡನೆ ಬೆಟ್ಟಕ್ಕೆ ಬನ್ನಿ. ಏರುವಾಗ ಸುಮ್ಮನಿರೋಣ, ಇಳಿಯುವಾಗ ನಿಮ್ಮ ಕಥೆ ಹೇಳಿ. ಮನೆಗೆ ಬಂದು ಬರೆಯುವುದಷ್ಟೇ ಬಾಕಿ.

 ಸಿರಿಗನ್ನಡಂ ಗೆಲ್ಗೆ!