ನಾಗರಹಾವೋ, ಕೇರೆಹಾವೋ?

1972ರ ‘ನಾಗರಹಾವು’ ನಮಗೆಲ್ಲ ಪ್ರಾಣ. ಆದ್ರೆ ರಾಮಾಚಾರಿಯನ್ನ ಸೃಷ್ಟಿಸಿದ ತ.ರಾ.ಸು. ಅವರಿಗೇ ಅದು ಹಿಡಿಸಲಿಲ್ಲ. ನಾಗರಹಾವನ್ನ ಪುಟ್ಟಣ್ಣ ಕಣಗಾಲ್ ಕೇರೆಹಾವು ಮಾಡಿಬಿಟ್ರು ಅಂತ ಅವರು ಬೇಸರಪಟ್ಟಿದ್ದು ಪ್ರಸಿದ್ಧ. ಮೂರು ಕಾದಂಬರಿಗಳನ್ನ ಒಂದೇ ಸಿನಿಮಾದಲ್ಲಿ ತುರುಕಿದ್ರೆ ಬರೆದವರಿಗೆ ಸಿಟ್ಟು ಬರದೇ ಇರುತ್ತಾ?

ಆದ್ರೂ ನಾನು ಈ ಮಾತು ಒಪ್ಪಲ್ಲ. ಸಿನಿಮಾದಲ್ಲಿ ವಿಷ ಇದೆ, ಚಾಮಯ್ಯ ಮೇಷ್ಟ್ರ ಪ್ರೀತಿಯಲ್ಲಿದೆ. ಅವರು ಹೇಳಿದ್ರು ಅಂತ ರಾಮಾಚಾರಿ ಅಲಮೇಲುನ ಬಿಟ್ಟುಕೊಡ್ತಾನೆ. ಕಟ್ಟಿಕೊಂಡ ಗಂಡ ಅವಳನ್ನ ದಂಧೆಗೆ ತಳ್ತಾನೆ. ಪುಟ್ಟಣ್ಣ ಇದನ್ನೇನೂ ಮುಚ್ಚಿಟ್ಟಿಲ್ಲ. ಮೇಷ್ಟ್ರನ್ನ ದೇವರು ಮಾಡಿ ಹಲ್ಲು ಕಿತ್ತಿದ್ದು ನಾವು. ಪುಣೆ, ಹೈದರಾಬಾದಲ್ಲಿ ಕೂತು ಶಿಕ್ಷಕರ ದಿನಕ್ಕೆ ಅವರದೇ ಸ್ಟೇಟಸ್ ಹಾಕ್ತೀವಲ್ಲ! (ಅಶ್ವತ್ಥ್ ಅಷ್ಟು ಚೆನ್ನಾಗಿ ಮಾಡಿದ್ದೂ ಒಂದು ಕಾರಣ ಬಿಡಿ.)

ಕೊನೆಗೆ ಮಾರ್ಗರೆಟ್ ವಿಷಯದಲ್ಲೂ ಅದೇ ಮೇಷ್ಟ್ರು ಬೆಟ್ಟದ ಮೇಲೆ ಬಂದು ಬೇಡ ಅಂತಾರೆ. ಆ ಸೀನು ಇನ್ನೊಮ್ಮೆ ನೋಡಿ, ಆಮೇಲೆ ಕಾದಂಬರಿ ಓದಿ.